ಆನೆ ಬಂದ ರಾತ್ರಿ, ಬೆರಳು ಮಡಿಸಲಾಗದ ಬೆಳಿಗ್ಗೆ

ಹಾಸನದ ಎಲ್ಲ ಅಕ್ಕಂದಿರಿಗೂ, ಅಣ್ಣಂದಿರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ. ಬೇಲೂರು ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಕಾಫಿ ತೋಟ. 11 ವರ್ಷದಿಂದ ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಊರಲ್ಲಿ ಇದನ್ನೂ ವಾಯು ಅಂದುಬಿಡುತ್ತಾರೆ. ವಾಯು ಅಲ್ಲ ಇದು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ.

ಬೆಳಿಗ್ಗೆ ಎದ್ದರೆ ಬೆರಳು ಮಡಿಸಲು ಆಗುತ್ತಿರಲಿಲ್ಲ. ಕಾಫಿ ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದೆ. ರೊಟ್ಟಿ ತಟ್ಟುವುದು ನಿಂತೇ ಹೋಯಿತು. ಕೈ ಸ್ವಲ್ಪ ಸಡಿಲ ಆಗುವಷ್ಟರಲ್ಲಿ ಒಂಬತ್ತು ಗಂಟೆ.

ನೋವು ಜಾಸ್ತಿ ಆದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕತೊಡಗಿದೆ. ತೋಟಕ್ಕೆ ಆನೆ ಬಂದ ರಾತ್ರಿಯ ಮಾರನೇ ದಿನ. ಕಣದಲ್ಲಿ ಕಾಫಿ ಹರವಿದ್ದಾಗ ಮೋಡ ಕವಿದು, ಎರಡು ದಿನ ನಿದ್ದೆಗೆಟ್ಟ ಮೇಲೆ. ಆ ಗುರುತುಗಳನ್ನು ಡಾಕ್ಟರಿಗೆ ತೋರಿಸಿದೆ. ಅವರು ನನಗೆ ಮೊದಲ ಸಲ ವೇಗಸ್ ನರದ ಬಗ್ಗೆ ಹೇಳಿದರು.

ಆನೆ ಕಂಡರೆ ಎದೆ ಹೊಡೆದುಕೊಳ್ಳಬೇಕು, ಓಡಬೇಕು, ಅಲ್ವಾ? ಅದು ದೇಹದ ತಪ್ಪಲ್ಲ. ಆನೆ ಕಾಡು ಸೇರಿದ ಮೇಲೂ ದೇಹ ಒಳಗೇ ಓಡುತ್ತಿದ್ದರೆ ಕಷ್ಟ. ಆ ಓಟಕ್ಕೆ ಲಗಾಮು ಹಾಕುವುದು ಈ ನರ. ಮಿದುಳಿನ ಬುಡದಿಂದ ಹೊರಟು, ಕುತ್ತಿಗೆ ಹಾದು, ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೂ ಇಳಿಯುತ್ತದೆ. ಇದೇ ನರ ಉರಿಯೂತವನ್ನೂ, ಅಂದರೆ ಕೀಲು ಊದಿ ನೋಯುವಂತೆ ಮಾಡುವ ಒಳಗಿನ ಉರಿಯನ್ನೂ, ತಗ್ಗಿಸುತ್ತದೆ ಎಂದು ಅಮೆರಿಕದ ಸಂಶೋಧಕ ಕೆವಿನ್ ಟ್ರೇಸಿ 2002ರಲ್ಲಿ ವಿವರಿಸಿದರು. 2016ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ನನ್ನಂಥ 17 ರೋಗಿಗಳಿಗೆ ಈ ನರವನ್ನು ಮಿಡಿಸುವ ಪುಟ್ಟ ಯಂತ್ರ ಅಳವಡಿಸಿದರು. ಹಲವರಿಗೆ ಊತ, ನೋವು ಇಳಿಯಿತು. 2025ರಲ್ಲಿ ಅಂಥ ಒಂದು ಯಂತ್ರಕ್ಕೆ ಅಮೆರಿಕದಲ್ಲಿ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು.

ನನ್ನ ಹತ್ತಿರ ಆ ಯಂತ್ರ ಇಲ್ಲ, ನಾನು ಮಾಡುವುದು ನಿಧಾನದ ಉಸಿರಾಟ. ಅದು ಆ ಯಂತ್ರಕ್ಕೆ ಸಮ ಅಂತ ನಾನು ಹೇಳುವುದಿಲ್ಲ. ಆದರೆ ಉಸಿರು ನಿಧಾನವಾಗಿ ಬಿಟ್ಟಾಗ ಹೃದಯದ ಬಡಿತ ಇಳಿಯುತ್ತದೆ, ಅದೂ ಈ ನರದ ಕೆಲಸವೇ. ನಾಲ್ಕು ಎಣಿಸುವಷ್ಟು ಎಳೆದು, ಆರು ಎಣಿಸುವಷ್ಟು ಬಿಡುತ್ತೇನೆ. ನಿಮಿಷಕ್ಕೆ ಹೆಚ್ಚುಕಮ್ಮಿ ಆರು ಉಸಿರು. ಹತ್ತು ನಿಮಿಷ, ಬೆಳಿಗ್ಗೆ ಮತ್ತು ಮಲಗುವಾಗ.

ಇನ್ನೊಂದು ಮಾತು ಹೇಳದೆ ಇಲ್ಲಿಂದ ಇಳಿಯಲಾರೆ. ಮೂರನೇ ವರ್ಷ ಚೆನ್ನಾಗಿದ್ದೇನೆ ಅನ್ನಿಸಿ, ಈ ಕಾಯಿಲೆಗೆ ಡಾಕ್ಟರ್ ಕೊಟ್ಟಿದ್ದ ಮೆಥೋಟ್ರೆಕ್ಸೇಟ್ ಮಾತ್ರೆ ಬಿಟ್ಟುಬಿಟ್ಟೆ. ಯಾರನ್ನೂ ಕೇಳಲಿಲ್ಲ. ಕೆಲವು ತಿಂಗಳಲ್ಲಿ ಮಣಿಕಟ್ಟು ಊದಿಕೊಂಡಿತು. ಎಕ್ಸ್‌ರೇಯಲ್ಲಿ ಮೂಳೆ ಸವೆದಿತ್ತು. ನೋಡಿ, ಈ ಎಡಗೈ ಇಷ್ಟೇ ಬಗ್ಗುವುದು. ಸವೆದದ್ದು ವಾಪಸ್ ಬರಲಿಲ್ಲ. ದಯವಿಟ್ಟು ಮಾತ್ರೆ ಬಿಡಬೇಡಿ. ಮೆಥೋಟ್ರೆಕ್ಸೇಟ್ ಈ ಕಾಯಿಲೆಗೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಮ್ಮನೆಯಲ್ಲಿ ಭಾನುವಾರ ಅಂತ ಡಬ್ಬಿ ಮೇಲೆ ಬರೆದಿಟ್ಟಿದ್ದೇವೆ.

ಆನೆ ಈಗಲೂ ಬರುತ್ತದೆ. ನಾಯಿ ಬೊಗಳುತ್ತದೆ, ಬಾಳೆ ಮುರಿಯುವ ಸದ್ದು ಕೇಳುತ್ತದೆ. ಮುಂಚೆ ನಮ್ಮ ಯಜಮಾನರು "ಸುಮ್ನೆ ಮಲಗು" ಅನ್ನುತ್ತಿದ್ದರು. ಹಾಗಂದರೆ ನಿದ್ದೆ ಬರುತ್ತದಾ? ಈಗ ಅವರು ಕತ್ತಲಲ್ಲಿ ಪಕ್ಕ ಕೂತು ಮೆಲ್ಲಗೆ ಎಣಿಸುತ್ತಾರೆ. ಮೊದಮೊದಲು ಅವರು ಆರಕ್ಕೆ ಬರುವಷ್ಟರಲ್ಲಿ ನನ್ನ ಉಸಿರು ಮುಗಿದಿರುತ್ತಿತ್ತು. ಈಗ ಇಬ್ಬರದೂ ಒಟ್ಟಿಗೆ ಮುಗಿಯುತ್ತದೆ.