ಹಳೆ ಫಿಯೆಟ್ ಕೊಳ್ಳುವ ಮೊದಲು ಈ ನಂಬರ್ ಉಜ್ಜಿ ನೋಡಿ

ದೃಶ್ಯ: ತುಮಕೂರಿನ ಅಂತರಸನಹಳ್ಳಿಯಲ್ಲಿ ಒಂದು ಶೆಡ್. ಟಾರ್ಪಾಲ್ ಸರಿಸಿದಾಗ ಕೆನೆ ಬಣ್ಣದ ಹಳೆ ಕಾರು.

ನಮಸ್ಕಾರ. ಈ ಕಾರು ನೋಡಿ. ಫಿಯೆಟ್ 1100. 1971ರ ಗಾಡಿ, ಹಳೆ ಮೈಸೂರು ರಾಜ್ಯದ ಎಂವೈ ನಂಬರ್, ಪೂರ್ತಿ ಒರಿಜಿನಲ್ ಅಂತ ಫೋನಿನಲ್ಲಿ ಹೇಳಿದ್ದರು. ನೋಡಿದ ತಕ್ಷಣ ಮನಸ್ಸು ಹೋಗಿಬಿಡುತ್ತದೆ, ಅಲ್ವಾ? ನನಗೂ ಹೋಗಿದೆ. ಆದರೂ ಪೇಂಟ್ ಕಡೆ ಈಗಲೇ ನೋಡುವುದು ಬೇಡ. ಒಂದು ಪೆನ್ಸಿಲ್, ಬಿಳಿ ಹಾಳೆ, ಟಾರ್ಚ್, ಸಣ್ಣ ಆಯಸ್ಕಾಂತ ತಂದಿದ್ದೇನೆ. ಮೊದಲು ಇವುಗಳ ಕೆಲಸ ಮುಗಿಯಲಿ.

ಯಾಕೆ ಇಷ್ಟು ಹುಷಾರು ಅಂತ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಇಂಥದ್ದೇ ಒಂದು ಕಾರಿಗೆ ನಾನು ಹತ್ತು ಸಾವಿರ ಅಡ್ವಾನ್ಸ್ ಕೊಟ್ಟಿದ್ದೆ. ಆರ್‌ಸಿ ಪುಸ್ತಕದಲ್ಲಿ 1968 ಅಂತ ಇತ್ತು. ದುಡ್ಡು ಕೊಟ್ಟ ಮೇಲೆ ಡಿಕ್ಕಿ ತೆಗೆದು ಅದರ ಬಾಗಿಲಿನ ಒಳಭಾಗಕ್ಕೆ ಟಾರ್ಚ್ ಬಿಟ್ಟೆ. ಒಂದೇ ಸಾಲಿನಲ್ಲಿ ಪುಟ್ಟಿ ತುಂಬಿದ ಸಣ್ಣ ತೂತುಗಳು. ಹೊರಗಡೆ ಬೆರಳಿಟ್ಟು ಅಳೆದರೆ, ಪದ್ಮಿನಿ ಎಂಬ ಹೆಸರು ಕೂರಿಸುವ ಜಾಗ ಅದು. ಪದ್ಮಿನಿ ಅನ್ನುವ ಹೆಸರು ಬಂದದ್ದೇ 1974ರಲ್ಲಿ. ಅದಕ್ಕಿಂತ ಮುಂಚೆ ಎರಡು ವರ್ಷ ಪ್ರೀಮಿಯರ್ ಪ್ರೆಸಿಡೆಂಟ್, ಅದಕ್ಕೂ ಹಿಂದೆ ಫಿಯೆಟ್ 1100. 1968ರ ಕಾರಿಗೆ ಪದ್ಮಿನಿಯ ತೂತು ಎಲ್ಲಿಂದ ಬರಬೇಕು?

ಗುಜರಿಗೆ ಹೋದ ಯಾವುದೋ ಕಾರಿನ ಪುಸ್ತಕ ಮತ್ತು ನಂಬರನ್ನು ಈಚಿನ ಕಾರಿನ ಬಾಡಿಯ ಮೇಲೆ ಹಾಕಿದ್ದರು. ಎಂವೈ, ಸಿಎ ಅಂತ ಶುರುವಾಗುವ ಹಳೆ ನಂಬರುಗಳ ಮೇಲೆ ಜನರಿಗೆ ಆಸೆ ಜಾಸ್ತಿ. 1989ರ ನಿಯಮಗಳ ನಂತರ ಕೆಎ ಸರಣಿ ಬಂತು. ಹಾಗಾಗಿ ಹಳೆ ನಂಬರ್ ಪ್ಲೇಟ್ ಕಂಡರೆ ಸಾಕು, ಕಾರೂ ಅಷ್ಟೇ ಹಳೆಯದು ಅಂತ ನಂಬಿಬಿಡುತ್ತೇವೆ. ನನ್ನ ಹತ್ತು ಸಾವಿರ ವಾಪಸ್ ಬರಲಿಲ್ಲ.

ತುಮಕೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಎಚ್‌ಎಂಟಿ ವಾಚ್ ತಯಾರಾಗುತ್ತಿದ್ದ ಊರು ನಮ್ಮದು. ಹಳೆ ಎಚ್‌ಎಂಟಿ ಅಂತ ಮಾರುವ ಎಷ್ಟೋ ವಾಚುಗಳಲ್ಲಿ ಒಳಗಿನ ಮೆಷಿನ್ ಮಾತ್ರ ಅಸಲಿ, ಡಯಲ್ ಹೊಸದಾಗಿ ಪ್ರಿಂಟ್ ಮಾಡಿದ್ದು. ಕಾರಿನಲ್ಲೂ ಹೀಗೇ ಆಗುತ್ತದೆ. ಮೋಸ ಹೋಗುವ ಮೊತ್ತ ಮಾತ್ರ ದೊಡ್ಡದು.

ದೃಶ್ಯ: ಬಾನೆಟ್ ಎತ್ತಿದೆ. ಹತ್ತಿರದಿಂದ ಚಾಸಿ ನಂಬರ್.

ಬಾನೆಟ್ ಒಳಗೆ ತಗಡಿನ ಪ್ಲೇಟ್ ಇದೆ. ಬಾಡಿಯ ಮೇಲೆ ಪಂಚ್ ಮಾಡಿದ ನಂಬರೂ ಇದೆ. ಕಾರಿನ ಗುರುತಿಗೆ ಕಂಪನಿ ಹಾಕಿದ ಚಾಸಿ ನಂಬರ್ ಅದು. ಮೊದಲು ಸುತ್ತಲಿನ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ಹಾಳೆ ಇಟ್ಟು ಪೆನ್ಸಿಲ್ ಮಲಗಿಸಿ ಮೆಲ್ಲಗೆ ಉಜ್ಜಿ. ಚಿಕ್ಕವರಿದ್ದಾಗ ಎಂಟಾಣೆ ಮೇಲೆ ಹಾಳೆ ಇಟ್ಟು ಉಜ್ಜುತ್ತಿದ್ದೆವಲ್ಲ, ಹಾಗೆ. ಆರ್‌ಟಿಒ ಕಚೇರಿಯವರು ಕೇಳುವ ಚಾಸಿ ಪ್ರಿಂಟ್ ಅಂದರೆ ಇದೇ.

ಕಣ್ಣಿಗೆ ಕಾಣದ್ದು ಹಾಳೆ ಮೇಲೆ ಕಾಣುತ್ತದೆ. ಅಂಕಿ ಸ್ವಲ್ಪ ಮೇಲೆ ಕೆಳಗೆ ಇದ್ದರೆ ಗಾಬರಿ ಬೇಡ. ಅಂಕಿಗಳ ಹಿಂದೆ ಸಣ್ಣ ಸಣ್ಣ ಗೆರೆ ಕಂಡರೆ ಹಳೆ ನಂಬರ್ ಅಳಿಸಲು ಗ್ರೈಂಡರ್ ಆಡಿದೆ ಅಂತ ಅರ್ಥ. 3ರ ಕೆಳಗೆ ಮಾಸಿದ ಇನ್ನೊಂದು ಅಂಕಿಯ ನೆರಳು ಬಂದರೆ ಅಲ್ಲಿಂದ ಎದ್ದು ಹೊರಡಿ. ಪ್ಲೇಟಿನ ರಿವೆಟ್ ಕೂಡ ನೋಡಿ. ಐವತ್ತು ವರ್ಷದ ಪ್ಲೇಟಿಗೆ ಹೊಳೆಯುವ ಹೊಸ ರಿವೆಟ್ ಇದ್ದರೆ ಕಾರಣ ಕೇಳಲೇಬೇಕು. ಈ ಕಾರಿನಲ್ಲಿ ಎರಡೂ ಸರಿಯಾಗಿವೆ.

ಇನ್ನು ಬಣ್ಣ. ಹೊರಗೆ ಕೆನೆ. ಕಾಲಿನ ಮ್ಯಾಟ್ ಎತ್ತಿ, ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಡಿ. ತಿಳಿ ಹಸಿರು ಕಾಣುತ್ತಿದೆಯಲ್ಲ? ಈ ಗಾಡಿ ಹುಟ್ಟಿದ ಬಣ್ಣ ಅದು. ಬಣ್ಣ ಬದಲಾದದ್ದು ತಪ್ಪಲ್ಲ, ಆದರೆ "ಕಂಪನಿ ಪೇಂಟ್" ಅನ್ನುವ ಮಾತಿಗೆ ಇನ್ನು ದುಡ್ಡು ಕೊಡಬೇಕಾಗಿಲ್ಲ. ಆಯಸ್ಕಾಂತವನ್ನು ತೆಳ್ಳನೆ ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಗಿನ ಅಂಚಿಗೆ ಹಿಡಿಯಿರಿ. ಕಚ್ಚಿಕೊಳ್ಳದ ಕಡೆ ತಗಡಿನ ಮೇಲೆ ದಪ್ಪ ಪುಟ್ಟಿ ಇದೆ.

ಅಂಬಾಸಿಡರ್ ಹುಡುಕುತ್ತಿರುವವರಿಗೆ ಒಂದೆರಡು ಮಾತು. ಅಲ್ಲಿ ಎಂಜಿನ್ ಕಡೆ ಜಾಸ್ತಿ ಗಮನ ಕೊಡಿ. ಡೀಸೆಲ್ ಉಳಿತಾಯಕ್ಕೆ ಅಂತ ಮ್ಯಾಟಡಾರ್ ವ್ಯಾನಿನ ಎಂಜಿನ್ ಕೂರಿಸಿದ ಅಂಬಾಸಿಡರ್‌ಗಳು ನಮ್ಮ ಕಡೆ ಬಹಳ ಓಡಿವೆ. ಪುಸ್ತಕದಲ್ಲಿ ಪೆಟ್ರೋಲ್, ಗಾಡಿಯಲ್ಲಿ ಡೀಸೆಲ್ ಇದ್ದರೆ ಇನ್ಶೂರೆನ್ಸ್‌ಗೂ ಕಷ್ಟ, ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವುದೂ ಕಷ್ಟ. 1817 ಸಿಸಿಯ ಇಸುಜು ಎಂಜಿನ್ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಎಪ್ಪತ್ತರ ದಶಕದ ಗಾಡಿಯಲ್ಲಿ ಅದು ಕಂಡರೆ ಆಮೇಲೆ ಕೂರಿಸಿದ್ದೇ.

ದೃಶ್ಯ: ಮರದ ಕುರ್ಚಿ ಮೇಲೆ ಹಳೆ ಆರ್‌ಸಿ ಪುಸ್ತಕ. ಪಕ್ಕದಲ್ಲಿ ಪೆನ್ಸಿಲ್ ಪ್ರಿಂಟ್.

ಈಗ ಕಾಗದ. ಚಾಸಿ ನಂಬರ್ ತಾಳೆಯಾಯಿತು. ಎಂಜಿನ್ ನಂಬರ್ ತಾಳೆಯಾಗುತ್ತಿಲ್ಲ. ಯಜಮಾನರನ್ನು ಕೇಳಿದೆ.

"ಸರ್, ಎಂಜಿನ್ ನಂಬರ್ ಬೇರೆ ಇದೆಯಲ್ಲ?"

"ಹೌದಪ್ಪಾ. ಎಂಬತ್ತಾರರಲ್ಲಿ ನಮ್ಮ ತಂದೆಯವರು ಬೇರೆ ಎಂಜಿನ್ ಹಾಕಿಸಿದರು. ಹಿಂದಿನ ಪುಟ ತಿರುವಿ ನೋಡು, ಬರೆಸಿದ್ದಾರೆ."

ನಿಜ. ನೇರಳೆ ಸೀಲು, ತಾರೀಕು, ಹೊಸ ಎಂಜಿನ್ ನಂಬರ್, ಸಹಿ ಎಲ್ಲ ಇದೆ. ಎಂಜಿನ್ ಬದಲಾಯಿಸಿದರೆ ಆರ್‌ಸಿಯಲ್ಲಿ ಹೀಗೆ ಬರೆಸಲೇಬೇಕು. ಇವರು ಮುಚ್ಚಿಡಲಿಲ್ಲ, ಕೇಳಿದ ಕೂಡಲೇ ತೋರಿಸಿದರು. ನನಗೆ ಅದು ದೊಡ್ಡ ವಿಷಯ.

ಹಾಗಂತ ಪುಸ್ತಕ ಒಂದನ್ನೇ ನಂಬಿ ನಿಲ್ಲಬೇಡಿ. ಆ ನಂಬರಿನ ದಾಖಲೆ ಇರುವ ಆರ್‌ಟಿಒ ಕಚೇರಿಯಲ್ಲಿ ಮಾಲೀಕರಿಂದಲೇ ಅರ್ಜಿ ಹಾಕಿಸಿ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಕಚೇರಿಯ ರಿಜಿಸ್ಟರಿನಲ್ಲಿ ಏನಿದೆಯೋ ಅದರ ನಕಲು ಅದು. ಮಾಲೀಕರು, ಸಾಲ, ನಂಬರುಗಳು ಎಲ್ಲ ಅದರಲ್ಲಿ ಇರುತ್ತವೆ. ಮೊಬೈಲ್ ಆ್ಯಪ್‌ನಲ್ಲಿ ಗಾಡಿ ಸಿಗಲಿಲ್ಲ ಅಂದರೆ ಅದು ಕಳ್ಳಮಾಲು ಅಂತ ತೀರ್ಮಾನಿಸಬೇಡಿ. ಹಳೆ ರಿಜಿಸ್ಟರುಗಳೆಲ್ಲ ಕಂಪ್ಯೂಟರಿಗೆ ಏರಿಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ರಿನೀವಲ್ ಆಗಿದೆಯೇ ಅಂತಲೂ ನೋಡಿ.

ಎಂಜಿನ್ ವಿಷಯಕ್ಕೆ ಇಷ್ಟು ಯಾಕೆ ತಲೆ ಕೆಡಿಸಿಕೊಂಡೆ ಅಂದರೆ, 2021ರಲ್ಲಿ ಕೇಂದ್ರ ಸರ್ಕಾರ ಹಳೆ ಗಾಡಿಗಳಿಗೆ ವಿಂಟೇಜ್ ರಿಜಿಸ್ಟ್ರೇಷನ್ ನಿಯಮ ತಂದಿದೆ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ರಾಜ್ಯದ ಸಮಿತಿ ಗಾಡಿ ನೋಡಿ ಒಪ್ಪಬೇಕು. ಹೊಸದಾಗಿ ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಲು ನಿಯಮದಲ್ಲಿ ಇಟ್ಟಿರುವ ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಆಮೇಲೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವಂಥ ಕೆಲಸಕ್ಕೆ ಮಾತ್ರ. ಭಾನುವಾರ ಬೆಳಗ್ಗೆ ಮನೆಯವರನ್ನು ಕೂರಿಸಿಕೊಂಡು ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋಗಿಬರಲು ಹಳೆ ಕಾರು ಬೇಕು ಅನ್ನುವವರು ಇದನ್ನು ಮೊದಲೇ ಯೋಚಿಸಿ.

ಈ ಫಿಯೆಟ್‌ಗೆ ವಯಸ್ಸಾಗಿದೆ, ಬಾಡಿ ಅಸಲಿ, ಎಂಜಿನ್ ಮಾತ್ರ ಬೇರೆಯದು. ಸಮಿತಿ ಒಪ್ಪುತ್ತದೆ ಅಂತ ನಂಬಿ ದುಡ್ಡು ಕೊಡಲು ನಾನು ತಯಾರಿಲ್ಲ. ಚೆನ್ನಾಗಿ ಸಾಕಿದ ಹಳೆ ಫಿಯೆಟ್ ಅಂತ ಬೆಲೆ ಕಟ್ಟಿ, "ಒರಿಜಿನಲ್" ಅನ್ನುವ ಮಾತಿಗೆ ಸೇರಿಸಿದ್ದನ್ನು ಬಿಡಿ ಅಂತ ಯಜಮಾನರಿಗೆ ನೇರವಾಗಿ ಹೇಳಿದ್ದೇನೆ. ಮಗನನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ. ಸೋಮವಾರ ಅವರ ಜೊತೆಯಲ್ಲೇ ಆರ್‌ಟಿಒ ಕಚೇರಿಗೆ ಹೋಗಿ ಬಿ ಎಕ್ಸ್‌ಟ್ರಾಕ್ಟ್‌ಗೆ ಅರ್ಜಿ ಹಾಕುತ್ತೇವೆ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡುವುದಿಲ್ಲ.

ದೃಶ್ಯ: ಟಾರ್ಪಾಲ್ ಮತ್ತೆ ಕಾರಿನ ಮೇಲೆ. ಪೆನ್ಸಿಲ್ ಪ್ರಿಂಟ್ ಮಡಿಸಿ ಜೇಬಿಗೆ.