ಗದ್ದಿ ಕುರಿಗಾಹಿಗಳ ಕಾಡುಸೊಪ್ಪು

ಕೇಳುಗರೇ, ನಮಸ್ಕಾರ.

ಹಿಮಾಚಲದ ಚಂಬಾ ಜಿಲ್ಲೆಯ ಭರ್ಮೌರ್ ಗದ್ದಿ ಜನರ ನೆಲೆ. ಚಳಿಗಾಲವನ್ನು ಕಾಂಗ್ರಾ ತಪ್ಪಲಲ್ಲಿ ಕಳೆದು, ಬೇಸಿಗೆ ಬಂತೆಂದರೆ ಕುರಿ-ಮೇಕೆ ಹೊಡೆದುಕೊಂಡು ಧೌಲಾಧಾರ್ ಬೆಟ್ಟಸಾಲು ಹತ್ತುತ್ತಾರೆ. ಕೆಲವರು ಸುಮಾರು 5,000 ಮೀಟರ್ ಎತ್ತರದ ಕುಗ್ತಿ ಘಟ್ಟ ದಾಟಿ ಲಾಹೌಲ್ ಕಣಿವೆ ತಲುಪುತ್ತಾರೆ. ಹಿಟ್ಟು, ಉಪ್ಪು ಹೊತ್ತೊಯ್ಯಬಹುದು. ಹಸಿರು ಸೊಪ್ಪನ್ನು ದಾರಿಯೇ ಕೊಡಬೇಕು.

ದಾರಿ ಕೊಡುವುದರಲ್ಲಿ ಮೊದಲನೆಯದು ಲುಂಗ್ಡು. ಕೊಡಗಿನವರು ಥೆರ್ಮೆ ಎನ್ನುವ ಜರೀಗಿಡದ ಬಳಗದ್ದೇ ಇದು. ತೊರೆಯಂಚಿನ ತೇವದ ನೆರಳಲ್ಲಿ ಒಂದೇ ಬುಡದಿಂದ ಗುಂಪಾಗಿ ಏಳುತ್ತದೆ. ತುದಿ ಬಸವನಹುಳುವಿನ ಚಿಪ್ಪಿನಂತೆ ಬಿಗಿಯಾಗಿ ಸುರುಳಿ ಸುತ್ತಿರುವಾಗಲೇ ಮುರಿಯಬೇಕು. ಸುರುಳಿ ಬಿಚ್ಚಿತೆಂದರೆ ನಾರು, ಕಹಿ. ದಂಟನ್ನು ಬಾಗಿಸಿ ನೋಡಿ: ಟಕ್ಕೆಂದು ಮುರಿದರೆ ಎಳೆಯದು, ಬಳುಕಿದರೆ ಬಿಟ್ಟುಬಿಡಿ. ಒಂದು ಬುಡದ ಚಿಗುರನ್ನೆಲ್ಲ ಕಿತ್ತರೆ ಗಿಡ ಸೊರಗುತ್ತದೆ, ಅರ್ಧದಷ್ಟಾದರೂ ಉಳಿಸಲೇಬೇಕು.

ಮೇಲಿನ ಕಂದು ಹೊಟ್ಟನ್ನು ಒರಟು ಬಟ್ಟೆಯಿಂದ ಉಜ್ಜಿ ತೆಗೆದು, ತೊಳೆದು, ಉಪ್ಪುನೀರಲ್ಲಿ 10 ನಿಮಿಷವಾದರೂ ಕುದಿಸಿ. ಆ ನೀರು ಚೆಲ್ಲಿ. ಆಮೇಲೆ ಸಾಸಿವೆ ಎಣ್ಣೆಯಲ್ಲಿ ಬಾಡಿಸಿ ಮೊಸರು ಸೇರಿಸಬಹುದು. ಉಪ್ಪಿನಕಾಯಿಗಾದರೆ ಬೆಂದ ತುಂಡುಗಳನ್ನು ಬಿಸಿಲಿಗೆ ಹರವಿ ನೀರಿನ ಪಸೆ ಪೂರ್ತಿ ಆರಿಸಬೇಕು. ಇಲ್ಲವಾದರೆ ಬೂಸು ಹಿಡಿಯುತ್ತದೆ.

ಎಡವುವುದು ಇಲ್ಲಿ: ಬಯಲು ಇಳಿಜಾರಿನಲ್ಲಿ ಒಂಟಿ ಒಂಟಿಯಾಗಿ ಏಳುವ, ತುದಿ ಹಕ್ಕಿಯ ಉಗುರಿನಂತೆ ಮೂರಾಗಿ ಕವಲೊಡೆದ ಬ್ರ್ಯಾಕೆನ್ ಜರೀಗಿಡವನ್ನೂ ಲುಂಗ್ಡು ಎಂದುಕೊಂಡು ಕಿತ್ತುಬಿಡುತ್ತಾರೆ. ಅದರಲ್ಲಿ ಕ್ಯಾನ್ಸರ್ ತರುವ ಅಂಶವಿದೆ. ಒಮ್ಮೆ ಬೇಯಿಸಿದ ಮಾತ್ರಕ್ಕೆ ಅದು ಪೂರ್ತಿ ಹೋಗುವುದಿಲ್ಲ.

ತುರಚಿ ಸೊಪ್ಪನ್ನು ಇಕ್ಕಳದಿಂದ ಹಿಡಿದು, ತುದಿಯ ನಾಲ್ಕೈದು ಎಲೆ ಮಾತ್ರ ಕೊಯ್ಯಬೇಕು. ಕುದಿನೀರಿಗೆ ಹಾಕಿದರೆ ತುರಿಸುವ ರೋಮ ಸೋತುಹೋಗುತ್ತದೆ. ಮಸೆದು, ಒಂದು ಹಿಡಿ ಮೆಕ್ಕೆಜೋಳದ ಹಿಟ್ಟು ಕದಡಿದರೆ ಗಟ್ಟಿ ಸಾರು. ಹೂಬಿಟ್ಟ ಗಿಡದ ಎಲೆ ಮಾತ್ರ ಬೇಡ, ಮರಳಿನಂತೆ ಹಲ್ಲಿಗೆ ಸಿಗುತ್ತದೆ. ಹುಳಿಗೆ ಚುಕ್ರಿ ಎಂಬ ಕಾಡು ರೂಬಾರ್ಬ್ ಗಿಡದ ಎಲೆತೊಟ್ಟು ಇದೆ. ಅದರ ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ವಿಪರೀತ, ಹಾಗಾಗಿ ತೊಟ್ಟಷ್ಟೇ ತಿನ್ನಬೇಕು.

ಹಿಮ ಕರಗಿದ ಮೇಲೆ ದೇವದಾರು ಕಾಡಿನಲ್ಲಿ ಗುಚ್ಛಿ ಅಣಬೆ ಏಳುತ್ತದೆ. ಒಳ್ಳೆಯ ಬೆಲೆ ಬರುವುದರಿಂದ ಈಗ ಸಿಕ್ಕಿದ್ದರಲ್ಲಿ ಹೆಚ್ಚಿನದು ಮಾರಾಟಕ್ಕೇ ಹೋಗುತ್ತದೆ, ಕಿತ್ತವರ ಮನೆಯ ಪಾತ್ರೆಗೆ ಬೀಳುವುದು ಕಡಿಮೆ ಎಂಬುದು ಬೇಸರದ ಸಂಗತಿ. ಅಣಬೆಯನ್ನು ಉದ್ದಕ್ಕೆ ಸೀಳಿ ನೋಡಿ: ಟೊಪ್ಪಿಯಿಂದ ಬುಡದವರೆಗೆ ಒಂದೇ ಪೊಳ್ಳು ಇರಬೇಕು. ಒಳಗೆ ಹತ್ತಿಯಂಥ ತಿರುಳು ಕಂಡರೆ ಅದು ಗುಚ್ಛಿಯಲ್ಲ, ಎಸೆಯಿರಿ. ನಿಜವಾದ ಗುಚ್ಛಿಯನ್ನೂ ಹಸಿಯಾಗಿ ತಿನ್ನಬೇಡಿ, ಹೊಟ್ಟೆ ಕೆಡುತ್ತದೆ. ಚೆನ್ನಾಗಿ ಬೇಯಲಿ.