ಬಾಣ ರಸ್ತೆ ಮೇಲಿದೆ ಅಂದ ಮಾತ್ರಕ್ಕೆ ಮ್ಯಾಪ್ ಸರಿ ಇದೆ ಅಂತಲ್ಲ

ನಮಸ್ಕಾರ, ಎಲ್ಲರಿಗೂ ನಮಸ್ಕಾರ. ಗಾಡಿ ಓಡಿಸುತ್ತಾ ಕೇಳುತ್ತಿರುವವರು ದಯವಿಟ್ಟು ಮುಂದೆ ನೋಡಿ, ಪರದೆ ನೋಡಬೇಡಿ. ಆ ಪರದೆಯ ಮೇಲೆ ನೀವಿರುವ ಜಾಗ ತೋರಿಸುವ ಬಾಣ ಇದೆಯಲ್ಲ, ಅದರ ಮೇಲೇ ಇವತ್ತಿನ ಜಗಳ.

ಇವತ್ತು ಬ್ಯಾಟರಿ ಬಗ್ಗೆ ಮಾತಾಡಬೇಕಿತ್ತು. ಎರಡು ಪುಟ ಬರೆದೂ ಇಟ್ಟಿದ್ದೆ. ಆದರೆ ಬೆಳಿಗ್ಗೆ ಎದ್ದು ಒಂದು ಕಾಮೆಂಟ್ ಓದಿಬಿಟ್ಟೆ. ಜಿಪಿಎಸ್ ಮ್ಯಾಪ್‌ನಲ್ಲಿ ರಸ್ತೆಗಳು ಪಕ್ಕಕ್ಕೆ ಸರಿದು ಕೂತಿದ್ದರೆ ಏನು ಮಾಡಬೇಕು ಅಂತ ಹೋದ ಸಲ ಹೇಳಿದ್ದೆನಲ್ಲ, ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಸರ್, ನನ್ನ ಡಿವೈಸ್‌ನಲ್ಲಿ ಬಾಣ ಯಾವಾಗಲೂ ರಸ್ತೆ ನಡುವೆಯೇ ಇರುತ್ತದೆ. ಕೂದಲೆಳೆಯಷ್ಟೂ ಆಚೀಚೆ ಹೋಗಲ್ಲ. ನಿಮ್ಮ ಮ್ಯಾಪ್ ಕೆಟ್ಟಿದ್ದರೆ ಅದು ನಿಮ್ಮ ಹಣೆಬರಹ."

ಹಣೆಬರಹವಂತೆ! ಅದಕ್ಕೆ ಬಂದಿರುವ ಲೈಕ್ ನನ್ನ ವಿಡಿಯೊಗಿಂತ ಜಾಸ್ತಿ. ಬ್ಯಾಟರಿ ಕಾಯಲಿ.

ಸ್ವಾಮಿ, ಒಂದೇ ಒಂದು ಪ್ರಶ್ನೆ. ನೀವು ಗಾಡಿಯನ್ನು ರಸ್ತೆಯ ನಟ್ಟನಡುವೆ, ಗೆರೆಯ ಮೇಲೆ ಓಡಿಸುತ್ತೀರಾ? ಇಲ್ಲ ತಾನೆ? ಒಂದು ಬದಿಯಲ್ಲಿ ಹೋಗುತ್ತೀರಿ. ಹಾಗಿದ್ದ ಮೇಲೆ ಬಾಣ ನಡುವೆ ಹೇಗೆ ಬಂತು? ಆಕಾಶ ಚೆನ್ನಾಗಿ ಕಾಣುವ ಬಯಲಿನಲ್ಲೇ ಮಾಮೂಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ. ಕೂದಲೆಳೆಯಷ್ಟೂ ತಪ್ಪದ ಬಾಣ ಅಂದರೆ ಅದು ಉಪಗ್ರಹ ಹೇಳಿದ ಜಾಗವಲ್ಲ. ಡಬ್ಬಿ, ಅಂದರೆ ನಿಮ್ಮ ಜಿಪಿಎಸ್ ಡಿವೈಸ್, ನಿಮ್ಮನ್ನು ಹಿಡಿದು ಎಳೆದು ರಸ್ತೆ ಮೇಲೆ ಕೂರಿಸಿದೆ, ಅಷ್ಟೇ.

ಹೀಗೆ ಎಳೆದು ಕೂರಿಸುವ ಸೆಟ್ಟಿಂಗ್‌ಗೆ ಒಂದೊಂದು ಕಡೆ ಒಂದೊಂದು ಹೆಸರು. ಲಾಕ್ ಆನ್ ರೋಡ್, ಸ್ನ್ಯಾಪ್ ಟು ರೋಡ್. ಕೆಲಸ ಒಂದೇ. ಹತ್ತಿರದಲ್ಲಿ ಯಾವ ರಸ್ತೆ ಇದೆ ನೋಡು, ಬಾಣವನ್ನು ಅದಕ್ಕೆ ಅಂಟಿಸು. ನನ್ನ ಮಾತೂ ಒಂದೇ. ಮ್ಯಾಪ್ ಸರಿ ಇದೆಯೋ ಇಲ್ಲವೋ ನೋಡಬೇಕಾ? ಮೊದಲು ಲಾಕ್ ಆಫ್ ಮಾಡಿ.

ನಂಬಿಕೆ ಇಲ್ವಾ? ಇಗೋ ನನ್ನ ಡಬ್ಬಿ. (ಕ್ಯಾಮೆರಾಗೆ ಹಿಡಿದು) ಸ್ವಲ್ಪ ಧೂಳು ಇದೆ, ಕ್ಷಮಿಸಿ. ನಾನು ಎಲ್ಲಿದ್ದೇನೆ? ಕುರ್ಚಿ ಮೇಲೆ, ಕಿಟಕಿ ಪಕ್ಕ, ಮನೆಯೊಳಗೆ. ಲಾಕ್ ಆನ್ ಇದೆ. ಪರದೆಯಲ್ಲಿ ನಾನು ಎಲ್ಲಿದ್ದೇನೆ? ಆಚೆ ರಸ್ತೆಯ ನಡುವೆ! ಮೇಜು, ಮೈಕು, ಕುರ್ಚಿ ಸಮೇತ ಟ್ರಾಫಿಕ್‌ನಲ್ಲಿ ಕೂತು ನಿಮ್ಮ ಜೊತೆ ಮಾತಾಡುತ್ತಿದ್ದೇನೆ. ಹಿಂದೆ ಯಾರೂ ಹಾರ್ನ್ ಹೊಡೆಯುತ್ತಿಲ್ಲ, ಪುಣ್ಯ. ಈಗ ಆಫ್ ಮಾಡುತ್ತೇನೆ. ನೋಡಿ, ಬಾಣ ಗೇಟು ದಾಟಿ ಒಳಗೆ ಬಂತು. ಸ್ವಲ್ಪ ಅಲುಗಾಡುತ್ತಿದೆ. ಅಲುಗಾಡಲಿ ಬಿಡಿ, ನಿಜ ಹೇಳುವವರು ಸ್ವಲ್ಪ ತಡವರಿಸುತ್ತಾರೆ.

ಈ ತುಂಡನ್ನು ಕತ್ತರಿಸಿ ಶಾರ್ಟ್ಸ್‌ಗೆ ಹಾಕುತ್ತೇನೆ. ಕಾಮೆಂಟ್ ಹಾಕಿದವರಿಗೆ ಕಳಿಸಿ. ಸಬ್‌ಸ್ಕ್ರೈಬ್ ಆಗದವರು ಆಗಿ. ಗಂಟೆ ಒತ್ತಿ.

ಈ ಹಟ ನನಗೆ ಸುಮ್ನೆ ಹುಟ್ಟಿದ್ದಲ್ಲ. ಒಂದು ಸಲ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗುತ್ತಿದ್ದೆ. ನಡುವೆ ಎದೆಮಟ್ಟದ ಕಾಂಕ್ರೀಟ್ ಗೋಡೆ. ಮ್ಯಾಪ್‌ನಲ್ಲಿ ಎರಡೂ ರಸ್ತೆಗಳು ಸುಮಾರು 20 ಮೀಟರ್ ಒಂದೇ ಕಡೆಗೆ ಸರಿದಿದ್ದವು. ಹೆದ್ದಾರಿಯ ಗೆರೆ ಬಂದು ಸರಿಯಾಗಿ ನನ್ನ ಸರ್ವಿಸ್ ರಸ್ತೆ ಇರುವ ಜಾಗದಲ್ಲಿ ಕೂತಿತ್ತು. ಡಬ್ಬಿ ನನ್ನನ್ನು ಹೆದ್ದಾರಿಗೆ ಅಂಟಿಸಿತು. ಬಾಣ ನೀಟಾಗಿ ಗೆರೆಯ ಮೇಲೆ ಹೋಗುತ್ತಿದೆ. ನಾನೂ ಖುಷಿಯಾಗಿದ್ದೆ. "ನೇರ ಹೋಗಿ" ಅಂದಿತು, ಹೋದೆ. ನಾನು ತಿರುಗಬೇಕಿದ್ದ ಅಡ್ಡರಸ್ತೆ ಕಣ್ಣೆದುರೇ ಹಿಂದೆ ಹೋಯಿತು. ಆಮೇಲೆ "ಬಲಕ್ಕೆ ತಿರುಗಿ" ಅಂದಿತು. ಬಲಕ್ಕೆ ಗೋಡೆ. ಮತ್ತೆ "ಬಲಕ್ಕೆ ತಿರುಗಿ." ಗೋಡೆ, ತಾಯಿ, ಗೋಡೆ! ಅಷ್ಟು ಶಾಂತವಾದ ದನಿಯಲ್ಲಿ ಯಾರಾದರೂ ಸುಳ್ಳು ಹೇಳುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಲಾಕ್ ಆಫ್ ಇದ್ದಿದ್ದರೆ? ಬಾಣ ಯಾವ ಗೆರೆಗೂ ಕಟ್ಟಿಕೊಂಡಿರುತ್ತಿರಲಿಲ್ಲ. ಸರ್ವಿಸ್ ರಸ್ತೆ ಒಂದೇ ಇದ್ದ ಹಿಂದಿನ ಭಾಗದಲ್ಲೇ ಗೆರೆಯಿಂದ ದೂರ ಓಡುತ್ತಿತ್ತು. ಮ್ಯಾಪ್ ಪಕ್ಕಕ್ಕೆ ಹೋಗಿದೆ ಅಂತ ನನಗೆ ಒಂದು ಕಿಲೋಮೀಟರ್ ಮೊದಲೇ ಗೊತ್ತಾಗುತ್ತಿತ್ತು. ತಪ್ಪನ್ನು ಕಣ್ಣಿಗೆ ಕಾಣದ ಹಾಗೆ ಮುಚ್ಚುವುದೇ ಈ ಲಾಕ್‌ನ ಕೆಲಸ.

ಈಗ ಕೆಲವರು ಬರುತ್ತಾರೆ. "ಗುರುಗಳೇ, ಹೀಗೆ ರಸ್ತೆಗೆ ಹೊಂದಿಸುವ ಮ್ಯಾಪ್ ಮ್ಯಾಚಿಂಗ್ ಅನ್ನುವುದು ದೊಡ್ಡ ತಂತ್ರಜ್ಞಾನ, ನಿಮಗೆ ಗೊತ್ತಿಲ್ಲ." ಗೊತ್ತಪ್ಪಾ. ನಿಮಗಿಂತ ಒಂದು ಕೈ ಜಾಸ್ತಿಯೇ ಗೊತ್ತು. 1985ರಲ್ಲಿ ಅಮೆರಿಕದಲ್ಲಿ ಈಟ್ಯಾಕ್ ನ್ಯಾವಿಗೇಟರ್ ಅಂತ ಕಾರಿಗೆ ಹಾಕುವ ಸಾಧನ ಬಂತು. ಮ್ಯಾಪ್ ಇದ್ದದ್ದು ಕ್ಯಾಸೆಟ್‌ನಲ್ಲಿ. ಅದಕ್ಕೆ ಉಪಗ್ರಹವೇ ಇರಲಿಲ್ಲ. ಚಕ್ರ ಎಷ್ಟು ಉರುಳಿತು, ಗಾಡಿ ಯಾವ ದಿಕ್ಕಿಗಿದೆ ಅಂತ ಲೆಕ್ಕ ಹಾಕುತ್ತಾ ಹೋಗುತ್ತಿತ್ತು. ಆ ಲೆಕ್ಕ ಹೋಗ್ತಾ ಹೋಗ್ತಾ ತಪ್ಪುತ್ತದೆ. ಅದಕ್ಕೆ ಆಗಾಗ ರಸ್ತೆಗೆ ಅಂಟಿಸಿ ಸರಿಮಾಡಿಕೊಳ್ಳಲೇಬೇಕಿತ್ತು. ಆಮೇಲೆ ಜಿಪಿಎಸ್ ಬಂದು, ನಾಗರಿಕರಿಗೆ ಕೊಡುವ ಅದರ ಸಿಗ್ನಲ್ಲನ್ನು ಅಮೆರಿಕ ಬೇಕಂತಲೇ ಕೆಡಿಸುತ್ತಿದ್ದ ಕಾಲದಲ್ಲೂ ಅಂಟಿಸುವುದಕ್ಕೆ ಅರ್ಥವಿತ್ತು. ಆಗ 100 ಮೀಟರ್‌ವರೆಗೂ ತಪ್ಪುತ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಅಲ್ಲಿಂದ ಈಚೆಗೆ ಎಷ್ಟೋ ಸಲ ಮ್ಯಾಪ್‌ಗಿಂತ ಬಾಣವೇ ಚೆನ್ನಾಗಿದೆ. ಚೆನ್ನಾಗಿರುವುದನ್ನು ಎಳೆದು ಕೆಟ್ಟಿರುವುದಕ್ಕೆ ಅಂಟಿಸುತ್ತಿದ್ದೀರಿ. ಕುಣಿಯಲಾರದವರು ನೆಲ ಡೊಂಕು ಅನ್ನುತ್ತಾರಲ್ಲ, ಇಲ್ಲಿ ನಿಜವಾಗಿಯೂ ನೆಲವೇ ಡೊಂಕು. ಬಯ್ಯಿಸಿಕೊಳ್ಳುವುದು ಮಾತ್ರ ಪಾಪ, ಕುಣಿಯುವ ಬಾಣ.

ಸರಿ, ಲಾಕ್ ಆಫ್ ಮಾಡಿದಿರಿ. ಈಗ ತಪ್ಪು ಎಂಥದ್ದು ಅಂತ ಕಾಣುತ್ತದೆ. ಒಂದು ಕ್ರಾಸ್‌ಗೆ ಹೋಗಿ. ಗಾಡಿ ಬದಿಗೆ ನಿಲ್ಲಿಸಿ. ಇಳಿದು ಕ್ರಾಸ್‌ನ ಒಂದು ಮೂಲೆಯಲ್ಲಿ ನಿಂತು, ಡಬ್ಬಿಯನ್ನು ಒಂದೆರಡು ನಿಮಿಷ ಅಲುಗಾಡಿಸದೆ ಹಿಡಿದು ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಆಮೇಲೆ ಮ್ಯಾಪ್‌ನಲ್ಲಿ ಅದೇ ಮೂಲೆಯ ಮೇಲೆ ಕರ್ಸರ್ ಇಟ್ಟು ಅಲ್ಲಿನ ಅಂಕಿ ನೋಡಿ. ಎರಡರ ವ್ಯತ್ಯಾಸವೇ ನಿಮ್ಮ ಕಾಯಿಲೆ. ಅಕ್ಷಾಂಶದ ನಾಲ್ಕನೇ ದಶಮಾಂಶ ಒಂದು ಹೆಚ್ಚು ಕಡಿಮೆ ಆದರೆ ಸುಮಾರು 11 ಮೀಟರ್. ಐದನೆಯದು ಆದರೆ ಒಂದು ಮೀಟರ್ ಚಿಲ್ಲರೆ. ಐದನೆಯದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದಕ್ಕೊಂದು ದೂರ ಇರುವ ಇನ್ನೆರಡು ಕ್ರಾಸ್‌ಗಳಲ್ಲೂ ಹೀಗೇ ಮಾಡಿ.

ಮೂರು ಕಡೆಯೂ ಒಂದೇ ದಿಕ್ಕಿಗೆ, ಒಂದೇ ಅಳತೆ ಸರಿದಿದೆಯಾ? ಹಾಗಾದರೆ ಇಡೀ ಹಾಳೆಯೇ ಜರುಗಿದೆ. ಒಂದು ಕಡೆ ಎಡಕ್ಕೆ, ಇನ್ನೊಂದು ಕಡೆ ಬಲಕ್ಕೆ, ಮಾರನೇ ದಿನ ಬೇರೆ ಇನ್ನೇನೋ? ಅದು ಮ್ಯಾಪ್ ಅಲ್ಲ, ಸಿಗ್ನಲ್. ಎತ್ತರದ ಕಟ್ಟಡಗಳಿಗೆ ತಗುಲಿ ಪುಟಿದು ಬಂದಿರುತ್ತದೆ. ನೇರ ರಸ್ತೆಯಲ್ಲಿ ಸರಿ ಇದ್ದು ತಿರುವಿನಲ್ಲಿ ಮಾತ್ರ ಬಾಣ ಹೊರಗೆ ಹೋಗುತ್ತದಾ? ಗೆರೆ ಎಳೆದವರು ಚುಕ್ಕಿ ಕಡಿಮೆ ಹಾಕಿ ತಿರುವನ್ನು ಕತ್ತರಿಸಿದ್ದಾರೆ. ಒಂದೇ ರಸ್ತೆ ತಪ್ಪಿದ್ದರೆ ಆ ರಸ್ತೆಯನ್ನೇ ಹೊಸದಾಗಿ ಬೇರೆ ಕಡೆ ಹಾಕಿರಬಹುದು. ಎಲ್ಲಕ್ಕೂ ಒಂದೇ ಮದ್ದು ಅಲ್ಲ. ಆದರೆ ಎಲ್ಲಕ್ಕೂ ಮೊದಲ ಹೆಜ್ಜೆ ಒಂದೇ. ಏನದು? ಜೋರಾಗಿ ಹೇಳಿ. ಲಾಕ್ ಆಫ್!

ಇಡೀ ಹಾಳೆ ಜರುಗುವುದು ಹೇಗೆ ಅಂತ ಕೇಳುವವರಿಗೆ ಒಂದು ಮಜಾ ಹೇಳುತ್ತೇನೆ. ಲಂಡನ್ನಿನ ಗ್ರೀನಿಚ್‌ನಲ್ಲಿ ಸೊನ್ನೆ ರೇಖಾಂಶದ ಗೆರೆ ಇದೆಯಲ್ಲ, ಜನ ಒಂದೊಂದು ಕಾಲು ಆಚೆ ಈಚೆ ಇಟ್ಟು ಫೋಟೊ ತೆಗೆಸಿಕೊಳ್ಳುವುದು? ಅಲ್ಲಿ ಜಿಪಿಎಸ್ ಹಿಡಿದು ನಿಂತರೆ ಸೊನ್ನೆ ಬರುವುದಿಲ್ಲ. ಸೊನ್ನೆ ಬೇಕಾದರೆ ಪೂರ್ವಕ್ಕೆ ಸುಮಾರು 102 ಮೀಟರ್ ನಡೆಯಬೇಕು. ಹಳಬರು ತೂಕದ ಗುಂಡು ತೋರಿಸುವ ಲಂಬ ನಂಬಿ ನಕ್ಷತ್ರ ನೋಡಿ ಅಳೆದರು. ಆ ಲಂಬ ಭೂಮಿಯ ನಟ್ಟನಡುವಿಗೆ ಸರಿಯಾಗಿ ಗುರಿ ಇಟ್ಟಿರಲಿಲ್ಲ. ಜಿಪಿಎಸ್ ಲೆಕ್ಕ ಹಾಕುವುದು ಭೂಮಿಯ ಕೇಂದ್ರದಿಂದ. ಆ ಲೆಕ್ಕದ ಚೌಕಟ್ಟಿಗೆ ಡಬ್ಲ್ಯೂಜಿಎಸ್ 84 ಅಂತ ಹೆಸರು. ಇಂಥ ಚೌಕಟ್ಟಿಗೆ ಡೇಟಮ್ ಅನ್ನುತ್ತಾರೆ. ಹಳೆಯ ಡೇಟಮ್‌ನಲ್ಲಿ ಬರೆದ ಮ್ಯಾಪನ್ನು ಲೆಕ್ಕ ಬದಲಿಸದೆ ಹಾಗೇ ತಂದು ಹಾಕಿದರೆ ರಸ್ತೆ, ಕೆರೆ, ಸೇತುವೆ ಎಲ್ಲಾ ಒಟ್ಟಿಗೆ ಪಕ್ಕಕ್ಕೆ ಹೋಗುತ್ತವೆ. ಚೀನಾದಲ್ಲಿ ಇನ್ನೊಂದು ಕಥೆ. ಅಲ್ಲಿ ಕಾನೂನೇ ಬೇರೆ ಚೌಕಟ್ಟು ಕೊಟ್ಟಿದೆ, ಮ್ಯಾಪ್ ಬೇಕಂತಲೇ ನೂರಾರು ಮೀಟರ್ ಜರುಗಿರುತ್ತದೆ. ಆಸ್ಟ್ರೇಲಿಯಾ ಅಂತೂ ನೆಲವೇ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಈಶಾನ್ಯಕ್ಕೆ ಜಾರುತ್ತಿದೆ. 1994ರ ಚೌಕಟ್ಟನ್ನು 2020ರದ್ದಕ್ಕೆ ಬದಲಿಸುವ ಹೊತ್ತಿಗೆ 1.8 ಮೀಟರ್ ವ್ಯತ್ಯಾಸ. ನಿಂತ ನೆಲವೇ ನಡೆಯುತ್ತಿದೆ, ನಮ್ಮ ಕಾಮೆಂಟಿನವರ ಬಾಣ ಮಾತ್ರ ಕೂದಲೆಳೆಯಷ್ಟೂ ತಪ್ಪಲ್ಲ!

ಡೇಟಮ್ ಅಂದ ಕೂಡಲೇ ಇನ್ನೊಂದು ಗುಂಪು ಎದ್ದು ಬರುತ್ತದೆ. "ಸೆಟ್ಟಿಂಗ್‌ನಲ್ಲಿ ಡೇಟಮ್ ಬದಲಿಸುತ್ತಾ ಹೋಗಿ, ಯಾವುದೋ ಒಂದರಲ್ಲಿ ರಸ್ತೆ ಕೂತುಕೊಳ್ಳುತ್ತದೆ." ಅಯ್ಯೋ ರಾಮ. ಹೆಚ್ಚಿನ ಡಬ್ಬಿಗಳಲ್ಲಿ ಅದು ಬದಲಿಸುವುದು ಪರದೆಯಲ್ಲಿ ಕಾಣುವ ಅಂಕಿಗಳನ್ನು ಮಾತ್ರ. ಒಳಗಿನ ರಸ್ತೆ ಇದ್ದಲ್ಲೇ ಇರುತ್ತದೆ. ಆಮೇಲೆ ಯಾರಿಗೋ ನಿಮ್ಮ ಜಾಗದ ಅಂಕಿ ಕಳಿಸುತ್ತೀರಿ, ಅವರು ಹೋಗಿ ಪಕ್ಕದವರ ಬಾಗಿಲು ಬಡಿಯುತ್ತಾರೆ. ಕಾಗದದ ಮ್ಯಾಪ್ ಇಟ್ಟುಕೊಂಡು ಅದಕ್ಕೆ ಹೊಂದಿಸುವುದಾದರೆ ಬದಲಿಸಿ. ಇಲ್ಲದಿದ್ದರೆ ಡಬ್ಲ್ಯೂಜಿಎಸ್ 84ರಲ್ಲೇ ಬಿಡಿ.

ಸರಿಪಡಿಸುವುದು ಹೇಗೆ? ಕಂಪನಿಯ ಮ್ಯಾಪ್ ಆದರೆ ದೂರು ಬರೆದು ಹಾಕಿ, ಅಪ್‌ಡೇಟ್‌ಗೆ ಕಾಯಿರಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಮ್ಯಾಪ್ ಆದರೆ ನಿಮ್ಮ ಕೈಯಲ್ಲೇ ಇದೆ. 2004ರಿಂದ ಜನರೇ ಬರೆಯುತ್ತಿರುವ ಮ್ಯಾಪ್ ಅದು. ಸೆಕೆಂಡಿಗೊಂದು ಚುಕ್ಕಿ ಬೀಳುವ ಹಾಗೆ ಟ್ರ್ಯಾಕ್, ಅಂದರೆ ನೀವು ಹೋದ ದಾರಿಯ ದಾಖಲೆ, ಹಾಕಿಕೊಂಡು ಆ ರಸ್ತೆಯಲ್ಲಿ ಹೋಗಿ, ವಾಪಸ್ ಬನ್ನಿ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಮೂರ್ನಾಲ್ಕು ಸಲ. ಒಂದೇ ಟ್ರ್ಯಾಕ್ ನಂಬಿಕೊಂಡು ಊರಿನ ರಸ್ತೆಯನ್ನೆಲ್ಲಾ ಎಳೆದಾಡಬೇಡಿ, ಕೈಮುಗಿಯುತ್ತೇನೆ. ಆ ಮ್ಯಾಪ್ ತಿದ್ದುವ ಎಡಿಟರ್‌ನಲ್ಲಿ ಟ್ರ್ಯಾಕ್‌ಗಳನ್ನು ಹಾಕಿ, ಮೊದಲು ಕೆಳಗಿನ ಉಪಗ್ರಹ ಚಿತ್ರವನ್ನು ಅವುಗಳ ನಡುಭಾಗಕ್ಕೆ ಹೊಂದಿಸಿ. ಚಿತ್ರವೂ ಜರುಗಿರುತ್ತದೆ. ಗುಡ್ಡದ ಮೇಲೆ ಒಂದು ಅಳತೆ, ಕಣಿವೆಯಲ್ಲಿ ಇನ್ನೊಂದು. ಆಮೇಲೆ ರಸ್ತೆಯ ಚುಕ್ಕಿಗಳನ್ನು ಸರಿಸಿ. ಕೊನೆಗೆ ಹೊಸ ಮ್ಯಾಪ್ ಇಳಿಸಿ ಡಬ್ಬಿಗೆ ತುಂಬಿ.

ಮತ್ತೆ ಈ ಟ್ರ್ಯಾಕ್ ಹಾಕುವಾಗ ಲಾಕ್ ಆನ್ ಇದ್ದರೆ? ಕೆಲವು ಡಬ್ಬಿಗಳು ಅಂಟಿಸಿದ ಜಾಗವನ್ನೇ ಟ್ರ್ಯಾಕ್‌ನಲ್ಲಿ ಬರೆದುಬಿಡುತ್ತವೆ! ಅಂದರೆ ನೀವು ಪೆಟ್ರೋಲ್ ಸುಟ್ಟು, ಬಿಸಿಲಲ್ಲಿ ಸುತ್ತಿ ಮನೆಗೆ ತಂದದ್ದು ಅದೇ ತಪ್ಪು ಮ್ಯಾಪ್‌ನ ನಕಲು. ಅದನ್ನು ಮ್ಯಾಪ್ ಮೇಲೆ ಇಟ್ಟು ನೋಡಿ "ಆಹಾ, ಎಷ್ಟು ಸರಿಯಾಗಿ ಕೂತಿದೆ" ಅನ್ನುತ್ತೀರಿ. ಕೂರದೆ ಇರುತ್ತದಾ? ಅದರಿಂದಲೇ ಹುಟ್ಟಿದ್ದು ಅದು! ನಾನೇ ಒಂದು ಭಾನುವಾರ ಪೂರ್ತಿ ಹೀಗೆ ಕಳೆದಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಈಗ ಗೊತ್ತಾಗುತ್ತದೆ.

"ಲಾಕ್ ಆಫ್ ಮಾಡಿದರೆ ಬಾಣ ಹೊಲದಲ್ಲಿ ಓಡುತ್ತದೆ, ನೋಡಲು ಚೆನ್ನಾಗಿರಲ್ಲ." ಬಾಣ ನೋಡೋಕೆ ಹೋಗಿದ್ದೀರಾ, ಊರಿಗೆ ಹೋಗೋಕಾ? "ಲಾಕ್ ಇಲ್ಲದಿದ್ದರೆ ದಾರಿ ಹೇಳುವ ದನಿ ಗೊಂದಲ ಮಾಡುತ್ತದೆ." ಮಾಡಲಿ. ಗೋಡೆಗೆ ತಿರುಗಿ ಅನ್ನುವುದಕ್ಕಿಂತ ಗೊಂದಲ ವಾಸಿ. ಹೋಗಲಿ, ಪರೀಕ್ಷೆ ಮುಗಿದ ಮೇಲೆ ಬೇಕಾದರೆ ಆನ್ ಮಾಡಿಕೊಳ್ಳಿ. ಇಲ್ಲ, ಬೇಡ, ಆನ್ ಮಾಡಬೇಡಿ. "ನನ್ನ ಕಾರಿನ ಡಬ್ಬಿಯಲ್ಲಿ ಆ ಸೆಟ್ಟಿಂಗೇ ಇಲ್ಲ." ಎಷ್ಟೋ ಡಬ್ಬಿಗಳಲ್ಲಿ ಇರುವುದಿಲ್ಲ, ನಿಜ. ಫೋನಿನಲ್ಲಿ ಬರೀ ಟ್ರ್ಯಾಕ್ ಬರೆಯುವ ಆ್ಯಪ್ ಹಾಕಿಕೊಂಡು ನೋಡಿ. "ಇಷ್ಟಕ್ಕೆಲ್ಲಾ ಯಾಕೆ ಇಷ್ಟು ಕೂಗಾಟ?" ಯಾಕೆ ಅಂದರೆ... ಯಾಕೆ ಅಂದರೆ ಗೋಡೆ! ಗೋಡೆ ನೆನಪಿದೆ ನನಗೆ!

ಲಾಕ್ ಆಫ್ ಅಂತ ಟೀಶರ್ಟ್ ಮಾಡಿಸುತ್ತೇನೆ. ತಮಾಷೆ ಅಲ್ಲ. ಎದೆಯ ನಡುವೆ ಅಲ್ಲ, ಸ್ವಲ್ಪ ಪಕ್ಕಕ್ಕೆ ಸರಿಸಿ ಪ್ರಿಂಟ್ ಮಾಡಿಸುತ್ತೇನೆ. ಬೇಕಾದವರು ಕೆಳಗೆ ಸೈಜ್ ಬರೆಯಿರಿ. ಹಣೆಬರಹ ಅಂದವರಿಗೆ ಒಂದು ಪುಕ್ಕಟೆ.

ತಾಳಿ, ಏನಿದು ಕೆಂಪು ಮಿಣುಕುತ್ತಿದೆ? ಕ್ಯಾಮೆರಾ ಬ್ಯಾಟರಿ. ನೋಡಿ, ಅದರ ಬಗ್ಗೆಯೇ ಎರಡು ಪುಟ ಬರೆದಿಟ್ಟಿದ್ದೆ, ಮೊದಲನೇ ಸಾಲಿನಲ್ಲೇ ಏನು ಹೇಳಿದ್ದೆ ಅಂದರೆ